ಬಿಟ್ಟುಹೋದವರ ಉಸಿರು

ಆ ಸುದ್ದಿ ನಿಖಾತ್‌ಗೆ ಸಿಕ್ಕಿದ್ದು ಟ್ಯೂಷನ್ನಿಗೆ ಬರುವ ಹುಡುಗಿಯೊಬ್ಬಳ ಫೋನಿನಿಂದ. ವಿಶ್ವವಿದ್ಯಾಲಯದವರು ಎಂಟು ಶನಿವಾರ ದತ್ತಾಂಶ ಕೌಶಲದ ತರಬೇತಿ ನಡೆಸುತ್ತಾರೆ, ಯಾವ ಪದವಿ ಮಾಡಿದವರಾದರೂ ಸೇರಬಹುದು, ಶುಲ್ಕವಿಲ್ಲ, ವಯಸ್ಸಿನ ಮಿತಿಯಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ, ತರಬೇತಿ ಮುಗಿಸಿದವರಿಗೆ ಸಂಶೋಧನಾ ಬಳಗದಲ್ಲಿ ಅವಕಾಶವುಂಟು ಎಂದು ಬರೆದಿತ್ತು. ಹುಡುಗಿ ತನ್ನ ಅಣ್ಣನಿಗಾಗಿ ಅದನ್ನು ಉಳಿಸಿಕೊಂಡಿದ್ದಳು. ನಿಖಾತ್ ಅದನ್ನು ತನ್ನ ಫೋನಿಗೆ ಕಳಿಸಿಕೊಂಡು, ಮಕ್ಕಳಿಗೆ ಲೆಕ್ಕ ಕೊಟ್ಟು ಕೂರಿಸಿ, ಗೋಡೆಯ ಕಡೆ ತಿರುಗಿ ಇನ್ನೊಮ್ಮೆ ಓದಿದಳು. ವಯಸ್ಸಿನ ಮಿತಿಯಿಲ್ಲ ಎಂಬಲ್ಲಿಗೆ ಬಂದು ಬಂದು ಅವಳ ಕಣ್ಣು ನಿಲ್ಲುತ್ತಿತ್ತು.

ಅವಳಿಗೆ ಮೂವತ್ತೆಂಟು. ಹದಿನಾರು ವರ್ಷದ ಹಿಂದೆ ಇದೇ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ.ಗೆ ಅವಳಿಗೆ ಸೀಟು ಸಿಕ್ಕಿತ್ತು. ಪ್ರವೇಶಪತ್ರ ಮನೆಗೆ ಬಂದ ವಾರವೇ ತಾಯಿ ಗುಲ್ಜಾರ್ ಬೀ ರೇಷ್ಮೆಗೂಡು ಬಿಚ್ಚಿ ನೂಲು ತೆಗೆಯುವ ಒಲೆಯ ಮುಂದೆ ಉಸಿರು ಕಟ್ಟಿ ಬಿದ್ದರು. ಇಪ್ಪತ್ತೆರಡು ವರ್ಷ ಬಿಸಿನೀರಿನ ತೊಟ್ಟಿಯ ಮುಂದೆ ಕೂತು, ಬೆಂದ ಗೂಡಿನ ಹಬೆ ಕುಡಿದ ಎದೆ ಅದು. ಇನ್ನು ಒಲೆಯ ಹತ್ತಿರ ಸುಳಿಯಕೂಡದು ಎಂದರು ಡಾಕ್ಟರು. ತಂದೆ ತಾಜ್ ಪಾಷಾ ಮಗಳ ಮುಖ ನೋಡಿದರು. ಬೇರೆ ಹೆಂಗಸು ಸಿಗುವವರೆಗೆ, ಒಂದು ತಿಂಗಳ ಮಟ್ಟಿಗೆ ಎಂದುಕೊಂಡು ತಾಯಿಯ ಜಾಗದಲ್ಲಿ ಅವಳೇ ಕೂತಳು. ಆ ತಿಂಗಳಲ್ಲೇ ಪ್ರವೇಶದ ಕೊನೆಯ ದಿನ ಕಳೆಯಿತು. ಮುಂದಿನ ವರ್ಷ ಹೋಗುವೆಯಂತೆ ಎಂದಿದ್ದ ತಂದೆ ಮುಂದಿನ ವರ್ಷ ಇರಲಿಲ್ಲ. ಆಮೇಲೆ ಚನ್ನಪಟ್ಟಣದ ಗೊಂಬೆ ವ್ಯಾಪಾರದವರ ಮನೆಗೆ ಅವಳನ್ನು ಕೊಟ್ಟರು. ಮೂರು ವರ್ಷಕ್ಕೆ ವಾಪಸ್ ಬಂದಳು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಈಗ ಹಿತ್ತಲ ಶೆಡ್ಡಿನ ನಾಲ್ಕು ಒಲೆಗಳನ್ನು ತಮ್ಮ ತನ್ವೀರ್ ನೋಡಿಕೊಳ್ಳುತ್ತಾನೆ. ಮುಂದಿನ ಕೋಣೆಯಲ್ಲಿ ನಿಖಾತ್ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ರಾಮನಗರದ ಆ ಬೀದಿಯಲ್ಲಿ ಎಲ್ಲರಿಗೂ ಅವಳು ಮಿಸ್ಸು.

ಶನಿವಾರ ಬೆಳಿಗ್ಗೆ ಎಲ್ಲಿಗೆ ಎಂದು ತಾಯಿ ಕೇಳಿದಾಗ ಅವಳು ನಿಜವನ್ನೇ ಹೇಳಿದಳು. ಗುಲ್ಜಾರ್ ಬೀ ಬೆಳ್ಳುಳ್ಳಿ ಬಿಡಿಸುತ್ತಿದ್ದವರು ಕೈ ನಿಲ್ಲಿಸಿ, ಹಸಿರು ಚೂಡಿದಾರ ಹಾಕಿಕೋ, ಇದು ಮಾಸಿದೆ ಎಂದಷ್ಟೇ ಹೇಳಿದರು.

ರೈಲಿನಲ್ಲಿ ಕೆಂಗೇರಿ, ಅಲ್ಲಿಂದ ಬಸ್ಸು. ಅವಳು ಕ್ಯಾಂಪಸ್ಸಿನ ಒಳಗೆ ಇಳಿದಳು. ಈ ರಸ್ತೆ, ಈ ಹೊಂಗೆ ಮರಗಳು, ಲೈಬ್ರರಿಯ ಮೆಟ್ಟಿಲು, ಯಾವುದನ್ನೂ ಅವಳು ಮೊದಲು ನೋಡಿರಲಿಲ್ಲ. ಆದರೂ ಎಲ್ಲವನ್ನೂ ಕಳೆದುಕೊಂಡವಳ ಹಾಗೆ ನೋಡುತ್ತ ನಡೆದಳು. ಇಲ್ಲಿ ಚಹಾ ಕುಡಿಯುತ್ತಿದ್ದೆನೇನೋ, ಆ ಕಿಟಕಿಯ ಪಕ್ಕ ಕೂರುತ್ತಿದ್ದೆನೇನೋ ಎಂದು ಮನಸ್ಸು ಹೋದಲ್ಲೆಲ್ಲ ಲೆಕ್ಕ ಹಾಕುತ್ತಿತ್ತು. ಸಾಕು ಎಂದು ತನಗೆ ತಾನೇ ಗದರಿಕೊಂಡು ಕಂಪ್ಯೂಟರ್ ಕೋಣೆ ಹುಡುಕಿಕೊಂಡು ಹೋದಳು.

ಕೋಣೆಯಲ್ಲಿ ಮೂವತ್ತು ಜನರಿದ್ದರು, ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಅವಳ ಪಕ್ಕದ ಕುರ್ಚಿಗೆ ಮಾಗಡಿಯ ಅಶೋಕ್ ಬಂದು ಕೂತ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸಹಾಯಕ, ಎರಡು ಬಸ್ಸು ಬದಲಿಸಿ ಬಂದಿದ್ದ. ತರಬೇತಿ ಕೊಡುವ ಮೇಡಂ ಒಳಗೆ ಬಂದು, ಹಾಜರಿ ಪಟ್ಟಿ ಓದುತ್ತ ಒಂದು ಹೆಸರಿನ ಮುಂದೆ ತಡೆದು ತಲೆಯೆತ್ತಿದಾಗ, ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಿದರು.

ಶ್ವೇತ. ನಿಖಾತ್ ಡಿಗ್ರಿ ಓದುತ್ತಲೇ ಟ್ಯೂಷನ್ ಹೇಳುತ್ತಿದ್ದ ಕಾಲದಲ್ಲಿ, ಎಂಟನೆಯ ಕ್ಲಾಸಿನಿಂದ ಹತ್ತರವರೆಗೆ ಅವಳ ಮುಂದೆ ಚಾಪೆಯ ಮೇಲೆ ಕೂತು ಲೆಕ್ಕ ಕಲಿತ ಹುಡುಗಿ. ಶ್ವೇತಳ ತಂದೆ ರಾಮಲಿಂಗಯ್ಯ ಗೂಡಿನ ಮಾರುಕಟ್ಟೆಗೆ ಬಂದಾಗಲೆಲ್ಲ ಮಗಳನ್ನು ಟ್ಯೂಷನ್ನಿಗೆ ಬಿಟ್ಟು, ಗೂಡು ಮಾರಿ, ಮತ್ತೆ ಕರೆದುಕೊಂಡು ಹೋಗುತ್ತಿದ್ದರು. ಈಗ ಅವಳು ಡಾಕ್ಟರ್ ಶ್ವೇತ, ಸಂಖ್ಯಾಶಾಸ್ತ್ರ ವಿಭಾಗದ ಅಧ್ಯಾಪಕಿ.

ಬಿಡುವಿನಲ್ಲಿ ಶ್ವೇತ ಓಡಿಬಂದು ಎರಡೂ ಕೈ ಹಿಡಿದುಕೊಂಡಳು. ನಿಖಾತ್ "ಮೇಡಂ" ಎಂದು ಶುರುಮಾಡುವಷ್ಟರಲ್ಲಿ ಅವಳು ತಡೆದಳು.

"ನೀವು ನನ್ನನ್ನ ಮೇಡಂ ಅಂದ್ರೆ ನಾನು ಪಾಠ ಮಾಡಕ್ಕೇ ಆಗಕಿಲ್ಲ ಮಿಸ್. ಚರಾಕ್ಷರ ಅಂದ್ರೇನು ಅಂತ ಹೇಳ್ಕೊಟ್ಟಿದ್ದೇ ನೀವು."

ಪಾಠದಲ್ಲಿ ಪೇಟೆಯ ಕನ್ನಡ, ಇಂಗ್ಲಿಷು ಆಡುತ್ತಿದ್ದ ಹುಡುಗಿ ಮಿಸ್ಸಿನ ಮುಂದೆ ಊರಿನ ಮಾತಿಗೆ ಇಳಿದಿದ್ದಳು. ನಿಖಾತ್ ನಕ್ಕಳು. ಎದೆ ತುಂಬಿ ಬಂತು. ಅದರಲ್ಲಿ ಹೆಮ್ಮೆಯೂ ಇತ್ತು, ಹೊಟ್ಟೆಕಿಚ್ಚಲ್ಲದ ಇನ್ನೊಂದೂ ಇತ್ತು. ಆ ಇನ್ನೊಂದಕ್ಕೆ ಏನು ಹೆಸರೆಂದು ಸಂಜೆ ರೈಲಿನಲ್ಲಿ ಬರುತ್ತ ಯೋಚಿಸಿದಳು. ಸಿಗಲಿಲ್ಲ.

ಶನಿವಾರಗಳು ಸರಿಯತೊಡಗಿದವು. ಪರದೆಯ ಮೇಲೆ ಆದೇಶ ಬರೆದು ಒತ್ತಿದರೆ ಸಾವಿರ ಸಾಲಿನ ಅಂಕಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಒಂದು ಅಲ್ಪವಿರಾಮ ತಪ್ಪಿದರೆ ಕೆಂಪು ಅಕ್ಷರದಲ್ಲಿ ಬೈಗುಳ. ಹುಡುಗರು ಬೇಗ ಕಲಿತು ಬೇಗ ಮರೆಯುತ್ತಿದ್ದರು. ನಿಖಾತ್ ನಿಧಾನವಾಗಿ ಕಲಿತಳು, ಕಲಿತದ್ದನ್ನು ಬಿಡಲಿಲ್ಲ. ಮೂರನೆಯ ಶನಿವಾರ ಶ್ವೇತ ಒಂದು ಪಟ್ಟಿ ತೋರಿಸಿ, ಇದರಲ್ಲಿ ಖಾಲಿಯಿರುವ ಚೌಕಗಳಲ್ಲಿ ಸೊನ್ನೆ ತುಂಬಬಹುದೇ ಎಂದು ಕೇಳಿದಳು. ಅರ್ಧ ಕ್ಲಾಸು ಹೂಂ ಎಂದಿತು. ಕೂಡದು ಎಂದಳು ಶ್ವೇತ. ಸೊನ್ನೆ ಎಂದರೆ ಅಳೆದು ನೋಡಿದ್ದೇವೆ, ಏನೂ ಇರಲಿಲ್ಲ ಎಂದು ಅರ್ಥ. ಖಾಲಿ ಎಂದರೆ ನಾವು ಅಳೆಯಲೇ ಇಲ್ಲ ಎಂದು. ಖಾಲಿ ಕಂಡಾಗ ತುಂಬುವುದಕ್ಕೆ ಮೊದಲು ಅದು ಯಾಕೆ ಖಾಲಿಯಾಗಿದೆ ಎಂದು ಕೇಳಬೇಕು. ನಿಖಾತ್ ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು. ಬರೆದ ಮೇಲೂ ತುಂಬ ಹೊತ್ತು ಪೆನ್ನು ಹಾಳೆಯ ಮೇಲೇ ಇತ್ತು.

ನಾಲ್ಕನೆಯ ವಾರ ಎಲ್ಲರೂ ತಮ್ಮದೇ ಒಂದು ವಿಷಯ ಆರಿಸಿಕೊಳ್ಳಬೇಕಾಯಿತು. ತಮ್ಮ ಊರಿನಿಂದ ತಾವೇ ಅಳೆದು ತಂದ ಅಂಕಿಗಳು, ಕೊನೆಯ ಶನಿವಾರ ಸಂಶೋಧನಾ ಬಳಗದ ಮುಂದೆ ಮಂಡನೆ. ನಿಖಾತ್ ಯೋಚಿಸಬೇಕಾಗಿರಲಿಲ್ಲ. ತನ್ನ ಬೀದಿಯಲ್ಲಿ ಗೂಡು ಬಿಚ್ಚುವ ಹೆಂಗಸರ ಉಸಿರು ಎಂದಳು. ಅಶೋಕ್ ತನ್ನ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ, ಉಸಿರು ಅಳೆಯುವ ಪ್ಲಾಸ್ಟಿಕ್ ಕೊಳವೆಯನ್ನು ತಂದುಕೊಟ್ಟ. ಬಲವಾಗಿ ಊದಿದರೆ ಅದರ ಮುಳ್ಳು ಮೇಲಕ್ಕೆ ಸರಿದು, ನಿಮಿಷಕ್ಕೆ ಇಷ್ಟು ಲೀಟರ್ ಎಂಬ ಒಂದು ಅಂಕಿಯ ಮುಂದೆ ನಿಲ್ಲುತ್ತದೆ. ಪ್ರತಿಯೊಬ್ಬರಿಗೂ ಬಾಯಿಗಿಡುವ ಹೊಸ ತುದಿ ಹಾಕಬೇಕು, ಮೂರು ಸಲ ಊದಿಸಿ ದೊಡ್ಡದನ್ನು ಬರೆದುಕೊಳ್ಳಬೇಕು ಎಂದು ಅವನೇ ಹೇಳಿಕೊಟ್ಟ.

ಅವಳು ಮನೆ ಮನೆಗೆ ಹೋದಳು. ಶೆಡ್ಡುಗಳ ವಾಸನೆ ಅವಳಿಗೆ ಹೊಸದಲ್ಲ. ಅವಳೂ ವರ್ಷಗಟ್ಟಲೆ ಕೂತಿದ್ದವಳೇ. ಹೆಂಗಸರು ಮೊದಲು ನಾಚಿಕೊಂಡರು, ಆಮೇಲೆ ಯಾರದು ಹೆಚ್ಚು ಎಂದು ಪೈಪೋಟಿಗೆ ಬಿದ್ದರು. ಎಷ್ಟು ವರ್ಷದಿಂದ ಈ ಕೆಲಸ, ವಯಸ್ಸೆಷ್ಟು, ಹೊಗೆ ಹೋಗಲು ಕೊಳವೆ ಇದೆಯೇ ಎಂದು ಕೇಳಿ ಕೇಳಿ ಬರೆದುಕೊಂಡಳು. ಐವತ್ತನಾಲ್ಕು ಹೆಂಗಸರಾದರು. ತನ್ವೀರನಿಗೆ ಮಾತ್ರ ಕಸಿವಿಸಿ. ನಾಳೆ ಯಾರಾದರೂ ಬಂದು ಶೆಡ್ಡು ಮುಚ್ಚಿ ಅಂದರೆ ಏನು ಮಾಡೋದು ಆಪಾ ಎಂದು ಕೇಳಿದ. ಮುಚ್ಚಿಸಲಿಕ್ಕಲ್ಲ, ತಿಳಿಯಲಿಕ್ಕೆ ಎಂದಳು. ಅವನಿಗೆ ಅಷ್ಟು ಸಮಾಧಾನವಾದಂತೆ ಕಾಣಲಿಲ್ಲ.

ಅಂಕಿಗಳನ್ನು ಕಂಪ್ಯೂಟರಿಗೆ ತುಂಬಿ ಗ್ರಾಫಿನ ಚಿತ್ರ ಬರೆಸಿದಾಗ ಅವಳು ಬೆಚ್ಚಿದಳು. ಕೆಲಸಕ್ಕೆ ಬಂದು ಹತ್ತು ವರ್ಷವೂ ಆಗದವರ ಸರಾಸರಿ ಇನ್ನೂರ ತೊಂಬತ್ತು. ಇಪ್ಪತ್ತು ವರ್ಷ ದಾಟಿದವರದು ಮುನ್ನೂರ ಮೂವತ್ತು. ಹೆಚ್ಚು ವರ್ಷ ಹಬೆ ಕುಡಿದವರ ಎದೆಯೇ ಗಟ್ಟಿ. ವಯಸ್ಸಾದಂತೆ ಉಸಿರು ಇಳಿಯಬೇಕು, ಇಲ್ಲಿ ಏರಿತ್ತು. ಎಲ್ಲೋ ತಪ್ಪಿದ್ದೇನೆಂದು ಎರಡು ಸಲ ಮೊದಲಿನಿಂದ ಮಾಡಿದಳು. ಅದೇ ಬಂತು. ಹಾಗಾದರೆ ಅಮ್ಮಿಗೆ ಆದದ್ದು ಹಬೆಯಿಂದಲ್ಲವೇ? ನಾನು ಹದಿನಾರು ವರ್ಷ ಯಾವುದರ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದೆ?

ಆರನೆಯ ಶನಿವಾರ ಕ್ಲಾಸು ಮುಗಿದ ಮೇಲೆ ಅದನ್ನು ಶ್ವೇತಳ ಮುಂದಿಟ್ಟಳು. ಶ್ವೇತ ಪರದೆಯನ್ನು ಬಹಳ ಹೊತ್ತು ನೋಡಿದಳು. ಉತ್ತರ ಅವಳಿಗೆ ಆಗಲೇ ಹೊಳೆದಿತ್ತೆಂದು ನಿಖಾತ್‌ಗೆ ಅನ್ನಿಸಿತು. ಹೇಳಿಬಿಡಲಿಲ್ಲ ಅಷ್ಟೆ.

"ಮಿಸ್, ಈ ಪಟ್ಟೀಲಿ ಯಾರವ್ರೆ ಅಂತ ನೋಡಿದ್ರಿ. ಯಾರಿಲ್ಲ ಅಂತ ನೋಡಿದ್ರಾ?"

ಅಂದು ರೈಲಿನಲ್ಲಿ ಆ ಪ್ರಶ್ನೆ ಅವಳ ಜೊತೆ ಬಂತು. ಮನೆಗೆ ಬಂದು ಚಪ್ಪಲಿ ಬಿಡುವಾಗ ಎದುರಿಗೆ ಕಂಡದ್ದು ತಾಯಿ. ಗುಲ್ಜಾರ್ ಬೀ ಗೋಡೆಗೆ ದಿಂಬು ಆನಿಸಿಕೊಂಡು ಕೂತಿದ್ದರು, ಹಗಲೆಲ್ಲ ಕೂರುವಂತೆ. ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುವ ಆ ಸದ್ದು ಮನೆಯಲ್ಲಿ ಗಡಿಯಾರದ ಸದ್ದಿನಂತೆ ಯಾರ ಕಿವಿಗೂ ಬೀಳದೆ ಹೋಗಿತ್ತು. ನಿಖಾತ್ ಒಂದು ಚಪ್ಪಲಿ ಕಾಲಲ್ಲೇ ಇಟ್ಟುಕೊಂಡು ನಿಂತಳು. ತಾನು ಶೆಡ್ಡುಗಳಿಗೆ ಮಾತ್ರ ಹೋಗಿದ್ದೆ. ಶೆಡ್ಡಿನಲ್ಲಿ ಸಿಗುವವರು ತಾಳಿಕೊಂಡವರು. ತಾಳಲಾರದವರು ಎಂದೋ ಎದ್ದು ಹೋಗಿದ್ದಾರೆ. ಇಪ್ಪತ್ತು ವರ್ಷದ ಮೇಲೂ ಒಲೆಯ ಮುಂದೆ ಉಳಿದವರ ಎದೆ ಗಟ್ಟಿ ಇರಲೇಬೇಕು, ಇಲ್ಲದಿದ್ದರೆ ಅವರು ಉಳಿಯುತ್ತಲೇ ಇರಲಿಲ್ಲ. ಬಿಟ್ಟುಹೋದವರ ಸಾಲುಗಳೆಲ್ಲ ಅವಳ ಪಟ್ಟಿಯಲ್ಲಿ ಖಾಲಿ. ಅಂಥವರಲ್ಲಿ ಒಬ್ಬರು ಅವಳ ಮನೆಯಲ್ಲೇ ಕೂತಿದ್ದರು. ಬೀದಿಯನ್ನೆಲ್ಲ ಅಳೆದವಳಿಗೆ ತಾಯಿಯನ್ನು ಅಳೆಯುವುದು ಹೊಳೆದಿರಲಿಲ್ಲ.

ಕೊಳವೆ ತಂದು ಮುಂದೆ ಹಿಡಿದಳು. ಗುಲ್ಜಾರ್ ಬೀ ಮುಖ ತಿರುಗಿಸಿದರು. ಊದಲು ಕಷ್ಟವೇ ಎಂದರೆ ಇಲ್ಲ ಎಂದರು. ಮತ್ತೇನು ಎಂದರೆ ಕೊಳವೆಯನ್ನು ಪಕ್ಕಕ್ಕೆ ಸರಿಸಿದರು.

ಉಳಿದದ್ದು ಎರಡೇ ವಾರ. ಟ್ಯೂಷನ್ ಮುಗಿಸಿ ಸಂಜೆ ಹೊತ್ತು ಅವಳು ಕೆಲಸ ಬಿಟ್ಟವರನ್ನು ಹುಡುಕಿಕೊಂಡು ಹೊರಟಳು. ಒಬ್ಬರು ಮಗಳ ಮನೆಗೆ ಚನ್ನಪಟ್ಟಣಕ್ಕೆ ಹೋಗಿದ್ದರು, ಇನ್ನೊಬ್ಬರು ಬಿಡದಿಯಲ್ಲಿ ಕಾರ್ಖಾನೆಯ ಕ್ಯಾಂಟೀನಿಗೆ ತರಕಾರಿ ಹೆಚ್ಚುತ್ತಿದ್ದರು. ಕೆಲವರು ತೀರಿಕೊಂಡಿದ್ದರು; ಅವರನ್ನು ಅಳೆಯುವ ದಾರಿ ಇರಲಿಲ್ಲ. ಹೆಸರು ಮಾತ್ರ ಬೇರೆ ಹಾಳೆಯಲ್ಲಿ ಬರೆದಿಟ್ಟಳು. ಕೆಂಚಮ್ಮ ಸಿಕ್ಕಿದ್ದು ಕನಕಪುರದ ದಾರಿಯ ಹಳ್ಳಿಯೊಂದರಲ್ಲಿ. ತಾಯಿಯ ಪಕ್ಕದ ಒಲೆಯ ಮುಂದೆ ಹನ್ನೆರಡು ವರ್ಷ ಕೂತವಳು. ಮೂರು ಸಲ ಊದಿದಳು. ನೂರ ನಲವತ್ತು ದಾಟಲಿಲ್ಲ. ಸುಧಾರಿಸಿಕೊಂಡು, ಕೊಳವೆಯನ್ನು ತಿರುಗಿಸಿ ನೋಡುತ್ತ ಕೇಳಿದಳು.

"ಅಷ್ಟು ವರ್ಸ ದುಡುದ್ವಲ್ಲವ್ವ, ನಮ್ಮ ಹೆಸ್ರು ಎಲ್ಲೂ ಬರ್ಕಂಡಿರಲಿಲ್ಲ. ಈಗ ನೀನು ಬರ್ಕತಾ ಇದ್ದೀಯ. ಇದು ಯಾರ್ ಓದ್ತಾರೆ?"

ಯೂನಿವರ್ಸಿಟಿಯವರು ಎಂದಳು ನಿಖಾತ್. ಕೆಂಚಮ್ಮ ತಲೆಯಾಡಿಸಿದಳು. ಗುಲ್ಜಾರಮ್ಮ ಹೆಂಗವ್ಳೆ, ಒಂದ್ಸಲ ಕರ್ಕಂಡು ಬಾ ಎಂದು ಹೇಳಿ, ಅವಳ ದುಪಟ್ಟಾದ ತುದಿಯಲ್ಲಿ ನಾಲ್ಕು ಸೀಬೆಹಣ್ಣು ಕಟ್ಟಿಕೊಟ್ಟಳು.

ಮನೆಗೆ ಬಂದು ಹಣ್ಣು ಕೊಟ್ಟಾಗ ತಾಯಿ ಕೆಂಚಮ್ಮನ ಸುದ್ದಿಯನ್ನೆಲ್ಲ ಕೇಳಿದರು. ಎಷ್ಟು ಬಂತು ಅವಳದ್ದು ಎಂದರು. ನಿಖಾತ್ ಹೇಳಿದಳು. ಗುಲ್ಜಾರ್ ಬೀ ಹಣ್ಣನ್ನು ಪಕ್ಕಕ್ಕಿಟ್ಟರು. ಮನೆಯಲ್ಲಿ ಉರ್ದು ಮಾತು. ಆ ಮಾತಿನಲ್ಲೇ, ನಿಲ್ಲಿಸಿ ನಿಲ್ಲಿಸಿ, ಮಗಳ ಮುಖ ನೋಡದೆ ಹೇಳಿದರು.

"ನನ್ನ ಅಂಕಿ ಕಮ್ಮಿ ಬಂದ್ರೆ ನೀನು ಮತ್ತೆ ಇಲ್ಲೇ ಕೂತ್ಬಿಡ್ತೀಯ. ಆವಾಗ್ಲೂ ಹಂಗೇ ಮಾಡಿದೆ. ಶನಿವಾರ ನೀನು ಹೋಗುವಾಗ ಚಪ್ಪಲಿ ಸದ್ದೇ ಬೇರೆ ಇರುತ್ತೆ ಬೇಟಾ. ಅದು ನಿಂತು ಹೋಗ್ಬಾರ್ದು ಅಂತ ನಾನು ಊದಲಿಲ್ಲ."

ತಾಯಿಗೆ ಇದೆಲ್ಲ ಗೊತ್ತಿರಲಾರದೆಂದು ನಿಖಾತ್ ಇಷ್ಟು ವರ್ಷ ಅಂದುಕೊಂಡಿದ್ದಳು. ಪ್ರವೇಶಪತ್ರವನ್ನು ಬೀರುವಿನ ತಳದಲ್ಲಿ ಬಟ್ಟೆಯ ಕೆಳಗೆ ಇಟ್ಟಿದ್ದಳು. ಅದು ಅಲ್ಲಿರುವುದೂ ತಾಯಿಗೆ ಗೊತ್ತಿತ್ತೋ ಏನೋ, ಕೇಳುವ ಧೈರ್ಯವಾಗಲಿಲ್ಲ. ಹೋಗುವುದನ್ನು ನಿಲ್ಲಿಸುವುದಿಲ್ಲ ಎಂದು ಮಾತ್ರ ಹೇಳಿದಳು. ಗುಲ್ಜಾರ್ ಬೀ ಕೈ ಚಾಚಿ ತಾವೇ ಕೊಳವೆ ತೆಗೆದುಕೊಂಡರು. ನೂರ ಹತ್ತು. ನೂರ ಮೂವತ್ತು. ಮೂರನೆಯ ಸಲ ಕಣ್ಣು ಮುಚ್ಚಿ, ದಿಂಬು ಹಿಡಿದುಕೊಂಡು ಊದಿದರು. ನೂರ ಐವತ್ತು. ಕೆಂಚಮ್ಮನಿಗಿಂತ ಹತ್ತು ಹೆಚ್ಚು ಎಂದು ಸ್ವಲ್ಪ ನಕ್ಕರು. ಆ ನಗುವಿಗೇ ಕೆಮ್ಮು ಬಂತು.

ಕೊನೆಯ ಶನಿವಾರ ಸಭಾಕೋಣೆಯ ಹಿಂದಿನ ಸಾಲುಗಳಲ್ಲಿ ಸಂಶೋಧನಾ ಬಳಗದವರು ಕೂತಿದ್ದರು. ಬೇರೆ ಬೇರೆ ವಿಭಾಗದ ಪ್ರಾಧ್ಯಾಪಕರು, ಪಿಎಚ್.ಡಿ. ಮಾಡುವವರು. ಅವರು ಪ್ರತಿ ಶುಕ್ರವಾರ ಮಧ್ಯಾಹ್ನ ಸೇರಿ, ಒಬ್ಬರ ಕೆಲಸವನ್ನು ಇನ್ನೊಬ್ಬರು ಕೆದಕಿ ಚರ್ಚಿಸುತ್ತಾರಂತೆ. ನಿಖಾತ್ ಮೊದಲು ಐವತ್ತನಾಲ್ಕು ಜನರ ಚಿತ್ರ ತೋರಿಸಿದಳು. ಕೋಣೆಯಲ್ಲಿ ಗುಸುಗುಸು ಎದ್ದಿತು. ಆಮೇಲೆ ಬಿಟ್ಟುಹೋದ ಇಪ್ಪತ್ತಮೂರು ಜನರನ್ನು ಸೇರಿಸಿದ ಚಿತ್ರ ತೋರಿಸಿದಳು. ಏರುತ್ತಿದ್ದ ಗೆರೆ ಮುರಿದು ಕೆಳಗೆ ಬಿತ್ತು. ಎಪ್ಪತ್ತೇಳು ಜನರಿಂದ ಏನನ್ನೂ ಖಚಿತವಾಗಿ ಹೇಳಲಾಗದು, ತೀರಿಕೊಂಡವರು ಇದರಲ್ಲಿ ಇಲ್ಲ, ಅವರೂ ಇದ್ದಿದ್ದರೆ ಗೆರೆ ಇನ್ನೂ ಇಳಿಯುತ್ತಿತ್ತೇನೋ ಎಂದು ತಾನೇ ಹೇಳಿದಳು. ಬಿಳಿಗೂದಲಿನ ಪ್ರಾಧ್ಯಾಪಕರೊಬ್ಬರು ಎದ್ದು, ಅತಿ ಕಡಿಮೆ ಬಂದ ಮೂರು ಸಾಲು ಬಿಟ್ಟು ನೋಡಿದ್ದೀರಾ ಎಂದು ಕೇಳಿದರು. ಆ ಮೂರರಲ್ಲಿ ಒಂದು ಅವಳ ತಾಯಿಯದು. ನೋಡಿದ್ದೇನೆ ಸರ್, ಬಿಟ್ಟರೂ ಗೆರೆ ಇಳಿದೇ ಇರುತ್ತದೆ ಎಂದಳು. ಬಿಟ್ಟು ನೋಡಲು ತನಗೆ ಎರಡು ದಿನ ಬೇಕಾಯಿತೆಂಬುದನ್ನು ಹೇಳಲಿಲ್ಲ.

ಚಪ್ಪಾಳೆ ದೊಡ್ಡದಾಗಿಯೇ ಬಿತ್ತು. ತಿಂಗಳೊಳಗೆ ಬಳಗದವರು ಅದನ್ನು ಒಂದು ವರ್ಷದ ಅಧ್ಯಯನವಾಗಿ ಕೈಗೆತ್ತಿಕೊಂಡರು. ಜಿಲ್ಲೆಯ ಎಲ್ಲ ತಾಲ್ಲೂಕುಗಳಲ್ಲಿ ಗೂಡು ಬಿಚ್ಚುವವರು, ಬಿಟ್ಟವರು ಇಬ್ಬರನ್ನೂ ಅಳೆಯುವುದು. ಒಬ್ಬ ಸಂಶೋಧನಾ ಸಹಾಯಕರ ಹುದ್ದೆ. ಜಾಹೀರಾತು ಬಂದ ದಿನ ನಿಖಾತ್ ಅರ್ಜಿ ತುಂಬಲು ಕೂತಳು. ಮೂರನೆಯ ಸಾಲಿನಲ್ಲೇ ನಿಂತಳು. ಸ್ನಾತಕೋತ್ತರ ಪದವಿ ಕಡ್ಡಾಯ ಎಂದಿತ್ತು.

ಶ್ವೇತ ಮನೆಗೇ ಬಂದಳು. ಎಲ್ಲರ ಹತ್ತಿರ ಮಾತಾಡಿದ್ದಳಂತೆ, ನಿಯಮ ಬಗ್ಗಲಿಲ್ಲವಂತೆ. ಒಳ್ಳೆಯ ಹುದ್ದೆಯಲ್ಲಿರುವವಳು ಆ ಪುಟ್ಟ ಕೋಣೆಯ ಚಾಪೆಯ ಮೇಲೆ ಮೊದಲಿನಂತೆ ಕಾಲು ಮಡಿಸಿ ಕೂತು ತಲೆ ತಗ್ಗಿಸಿದಳು. ನಿಖಾತ್ ಅವಳ ಬೆನ್ನು ಸವರಿ, ಚಹಾ ಕೊಟ್ಟು ಕಳಿಸಿದಳು. ಅವಳು ಹೋದ ಮೇಲೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು. ಹದಿನಾರು ವರ್ಷದಲ್ಲಿ ಆ ತಪ್ಪಿಹೋದ ಓದಿಗಾಗಿ ಅತ್ತಿದ್ದು ಅದೇ ಮೊದಲು.

ಹುದ್ದೆ ಲತಾಮಣಿ ಎಂಬ ಹುಡುಗಿಗೆ ಸಿಕ್ಕಿತು. ಚುರುಕಾದವಳು, ಮರ್ಯಾದಸ್ಥೆ, ಆದರೆ ಶೆಡ್ಡಿನ ವಾಸನೆಗೆ ಮೊದಲ ದಿನವೇ ವಾಂತಿ ಮಾಡಿಕೊಂಡಳು. ನಿಖಾತ್ ಅವಳ ಮುಖ ತೊಳೆಸಿ, ಯಾವ ಮನೆಯಲ್ಲಿ ಯಾವ ಹೊತ್ತಿಗೆ ಹೋಗಬೇಕು, ಯಾರನ್ನು ಅತ್ತೆಯ ಮುಂದೆ ಕೇಳಬಾರದು, ಯಾರು ವಯಸ್ಸು ಕಮ್ಮಿ ಹೇಳುತ್ತಾರೆ ಎಂಬುದನ್ನೆಲ್ಲ ಹೇಳಿಕೊಟ್ಟಳು. ಶೆಡ್ಡು ಮುಚ್ಚುವುದಿರಲಿ, ಹಬೆ ಹೊರಗೆಳೆಯುವ ಫ್ಯಾನಿನ ನಕ್ಷೆಯನ್ನು ಬಳಗದ ಇಂಜಿನಿಯರೊಬ್ಬರು ಬರೆದುಕೊಟ್ಟಾಗ ತನ್ವೀರನೇ ಮೊದಲು ಹಾಕಿಸಿದ. ಬಳಗ ನಿಖಾತ್‌ಗೆ ಲೈಬ್ರರಿ ಕಾರ್ಡು ಕೊಟ್ಟಿತು, ಶುಕ್ರವಾರದ ಸಭೆಗೆ ಕರೆಯಿತು. ಪ್ರಬಂಧ ಬರೆದರೆ ಅವಳ ಹೆಸರೂ ಇರುತ್ತದೆ ಎಂದರು. ದೂರಶಿಕ್ಷಣದಲ್ಲಿ ಎಂ.ಎಸ್ಸಿ. ಕಟ್ಟಿ ಮಿಸ್ ಎಂದು ಶ್ವೇತ ಅರ್ಜಿ ತಂದುಕೊಟ್ಟಳು. ನಿಖಾತ್ ತುಂಬಿ ಕಳಿಸಿದಳು, ಈ ವರ್ಷ ಶುರುವಾಗುತ್ತದೆ. ಆದರೂ ಅದು ಮನೆಯಲ್ಲಿ ಕೂತು ಓದುವ ಓದು. ಅವಳ ಮನಸ್ಸು ಕೇಳುತ್ತಿದ್ದುದು ಕಿಟಕಿಯ ಪಕ್ಕದ ಬೆಂಚು, ಪಾಠ ತಪ್ಪಿಸಿಕೊಂಡು ಚಹಾಕ್ಕೆ ಹೋಗುವ ಗೆಳತಿಯರು, ಸುಮ್ಮನೆ ಹಾಳುಮಾಡಲು ಕೈತುಂಬ ಸಿಗುವ ಮಧ್ಯಾಹ್ನಗಳು. ಅದನ್ನು ಕೊಡುವ ಅರ್ಜಿ ಯಾವ ಕಚೇರಿಯಲ್ಲೂ ಇರಲಿಲ್ಲ.

ಆಷಾಢದ ಒಂದು ಶುಕ್ರವಾರ ಸಭೆ ಬೇಗ ಮುಗಿಯಿತು. ಗಾಳಿ ಜೋರಾಗಿತ್ತು. ಬಸ್ಸಿಗೆಂದು ಹೊರಟವಳು ಲೈಬ್ರರಿಯ ಮೆಟ್ಟಿಲ ಮೇಲೆ ಕೂತಳು. ಪಕ್ಕದಲ್ಲಿ ನಾಲ್ಕೈದು ಹುಡುಗಿಯರು ಒಂದೇ ಪೊಟ್ಟಣದಿಂದ ಕಡಲೆಕಾಯಿ ತಿನ್ನುತ್ತ, ಯಾವುದೋ ಮೇಷ್ಟರನ್ನು ಆಡಿಕೊಂಡು ನಗುತ್ತಿದ್ದರು. ಅದರಲ್ಲೊಬ್ಬಳು ಪೊಟ್ಟಣವನ್ನು ಇವಳ ಕಡೆಗೂ ಚಾಚಿ, ನೀವು ಯಾವ ಡಿಪಾರ್ಟ್‌ಮೆಂಟು ಆಂಟಿ ಎಂದು ಕೇಳಿದಳು.

"ಸಂಖ್ಯಾಶಾಸ್ತ್ರ" ಎಂದಳು ನಿಖಾತ್. ಸ್ವಲ್ಪ ತಡೆದು, "ಶುಕ್ರವಾರ ಮಾತ್ರ" ಎಂದು ಸೇರಿಸಿದಳು.

ಹುಡುಗಿಗೆ ಅದು ವಿಚಿತ್ರವೆನ್ನಿಸಲಿಲ್ಲ. ಸರಿದು ಜಾಗ ಮಾಡಿಕೊಟ್ಟಳು. ಕೆಂಗೇರಿಯ ಬಸ್ಸು ಬಂದು ನಿಂತು, ಜನ ಹತ್ತಿಸಿಕೊಂಡು ಹೊರಟಿತು. ನಿಖಾತ್ ನೋಡಿದಳು, ಏಳಲಿಲ್ಲ. ಇನ್ನೊಂದು ಬರಲು ಅರ್ಧ ಗಂಟೆ ಇತ್ತು. ಅವಳು ಕಡಲೆಕಾಯಿ ಬಿಡಿಸುತ್ತ ಹುಡುಗಿಯರ ಮಾತು ಕೇಳುತ್ತ ಕೂತಳು.